ಗಂಡನಿಗೆ ಹೆಂಡತಿಯೇ ಜಾಮೀನು

ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಗ್ರೀನ್ ಕಾರ್ಡ್ ತಾಳಿಯ ಜೊತೆಗೇ ಬಂದುಬಿಡುತ್ತದೆ ಎಂಬುದು ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಚಾಲ್ತಿಯಲ್ಲಿರುವ ಮಾತು. ಜಿಆರ್‌ಇ ಬರೆಯುವ ತಲೆನೋವಿಲ್ಲ, ಎಚ್-1ಬಿ ಲಾಟರಿಯ ಹಂಗಿಲ್ಲ, ಬ್ಯಾಂಕಿನ ಎಜುಕೇಶನ್ ಲೋನ್ ಬೇಕಿಲ್ಲ, ‘ಮಗಾ, ಒಂದು ಎನ್‌ಆರ್‌ಐ ಸಂಬಂಧ ನೋಡ್ಕೋ ಸಾಕು’ ಎಂದು ಕಡೆಯ ಬೆಂಚಿನವರು ನಗುತ್ತಾರೆ.

ಆ ಮಾತಿನಲ್ಲಿ ಅರ್ಧ ನಿಜವಿದೆ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿಗೆ ಕೊಡುವ ವಲಸೆ ವೀಸಾಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳಿದ ಭಾರತೀಯರು ನಿಂತಿರುವ ಉದ್ದನೆಯ ಸರದಿಯಲ್ಲಿ ಅವರು ನಿಲ್ಲಬೇಕಿಲ್ಲ. ಉಳಿದ ಅರ್ಧ ದುಡ್ಡಿನದು. ಕರೆಸಿಕೊಳ್ಳುವವರು ‘ಈ ವ್ಯಕ್ತಿ ಸರ್ಕಾರಕ್ಕೆ ಹೊರೆಯಾಗದಂತೆ ನಾನು ನೋಡಿಕೊಳ್ಳುತ್ತೇನೆ’ ಎಂದು ಬರೆದುಕೊಡಬೇಕು, ಅದಕ್ಕೆ ತಕ್ಕ ಆದಾಯ ತೋರಿಸಬೇಕು. ಕರೆಸಿಕೊಳ್ಳುವವರೇ ವರ್ಷಗಟ್ಟಲೆ ಅಮೆರಿಕದ ಹೊರಗೆ ಬದುಕಿದ್ದರೆ ಕಷ್ಟ ಶುರುವಾಗುವುದು ಅಲ್ಲೇ. ನಮ್ಮ ದೊಡ್ಡಪ್ಪನ ಮಗಳು ಮತ್ತು ಭಾವನ ಕಡತವನ್ನು ಎರಡು ವರ್ಷದಿಂದ ಹತ್ತಿರದಿಂದ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ‘ಎಂಜಿನಿಯರಿಂಗ್ ಓದ್ತಿದೀಯಲ್ಲ, ಈ ಫಾರಂ ಓದಿ ಹೇಳು’ ಎಂದು ದೊಡ್ಡಮ್ಮ ನನ್ನ ಕೈಗಿಟ್ಟ ಕೆಲಸ ಇದು.

ನೀಲಿ ಪಾಸ್‌ಪೋರ್ಟಿನ ಮೈಸೂರು ಹುಡುಗಿ

ದೊಡ್ಡಪ್ಪ ಸಾಫ್ಟ್‌ವೇರ್ ಕೆಲಸಕ್ಕೆಂದು ತೊಂಬತ್ತರ ದಶಕದಲ್ಲಿ ನ್ಯೂಜೆರ್ಸಿಗೆ ಹೋದವರು. ಅಕ್ಕ ಹುಟ್ಟಿದ್ದು ಅಲ್ಲೇ, 1997ರಲ್ಲಿ. ಆ ನೆಲದಲ್ಲಿ ಹುಟ್ಟಿದ್ದರಿಂದ ಆಕೆ ಅಮೆರಿಕದ ಪ್ರಜೆ. 2001ರ ನಂತರದ ಐಟಿ ಕುಸಿತದಲ್ಲಿ ದೊಡ್ಡಪ್ಪನ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಆಗುವ ಮೊದಲೇ ಮೂವರೂ ಮೈಸೂರಿಗೆ ವಾಪಸಾದರು. ಆಗ ಅಕ್ಕನಿಗೆ ಐದು ವರ್ಷ. ಶಾಲೆ, ಪಿಯುಸಿ, ಬಿ.ಎಸ್ಸಿ., ಬಿ.ಎಡ್. ಎಲ್ಲವೂ ಇಲ್ಲೇ. ಒಸಿಐ ಕಾರ್ಡಿನ ಮೇಲೆ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ದಸರಾ ರಜೆ, ಪಿಟಿಎ ಮೀಟಿಂಗು, ಚಾಮುಂಡಿ ಬೆಟ್ಟದ ಮೆಟ್ಟಿಲು ಇವೇ ಆಕೆಯ ಪ್ರಪಂಚ. ಅಮೆರಿಕವೆಂದರೆ ಹಿಮದಲ್ಲಿ ನಿಂತ ಒಂದು ಫೋಟೊ ಮತ್ತು ಬೀರುವಿನಲ್ಲಿದ್ದ ಪಾಸ್‌ಪೋರ್ಟು.

ಭಾವ ಡಿಪ್ಲೊಮಾ ಓದಿದವರು. ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಮಶೀನಿಗೆ ಪ್ರೋಗ್ರಾಂ ಬರೆಯುತ್ತಾರೆ. ಮದುವೆ ಆದದ್ದು 2023ರಲ್ಲಿ. ಇಬ್ಬರ ಸಂಬಳ ಸೇರಿ ತಿಂಗಳಿಗೆ 70 ಸಾವಿರದ ಆಸುಪಾಸು, ಒಂದು ಸೈಟು, ಅದರ ಮೇಲೆ ಸಾಲ. ಅಮೆರಿಕಕ್ಕೆ ಹೋಗಲೇಬೇಕೆಂಬ ಹಟ ಇಬ್ಬರಿಗೂ ಇರಲಿಲ್ಲ.

ಯೋಚನೆ ಹುಟ್ಟಿಸಿದ್ದು ಒಂದು ನಿಯಮ. ಅಮೆರಿಕದ ಪ್ರಜೆಯೊಬ್ಬರು ವಿದೇಶಿಯನ್ನು ಮದುವೆಯಾಗಿ, ಮಗು ಅಮೆರಿಕದ ಹೊರಗೆ ಹುಟ್ಟಿದರೆ, ಆ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗಲು ಪ್ರಜೆಯಾದ ತಂದೆ ಅಥವಾ ತಾಯಿ ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ ಅಮೆರಿಕದಲ್ಲಿ ಇದ್ದಿರಬೇಕು. ಅದರಲ್ಲಿ ಕನಿಷ್ಠ 2 ವರ್ಷ 14ನೇ ವಯಸ್ಸಿನ ನಂತರದ್ದಾಗಿರಬೇಕು. ಐದನೇ ವಯಸ್ಸಿಗೇ ವಾಪಸ್ ಬಂದ ಅಕ್ಕ ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಆಕೆ ಅಮೆರಿಕನ್ ಹೌದು, ಆದರೆ ಮೈಸೂರಿನಲ್ಲಿ ಹುಟ್ಟುವ ಮಗುವಿಗೆ ಅದನ್ನು ಕೊಡಲಾರಳು. ‘ಹೋಗುವುದಾದರೆ ಈಗ, ಇಲ್ಲದಿದ್ದರೆ ಇನ್ನು ಬೇಡ’ ಎಂದು ಇಬ್ಬರೂ ಕೂತು ಮಾತಾಡಿಕೊಂಡರು. ಹೋಗುವುದೆಂದು ತೀರ್ಮಾನವಾಯಿತು.

ಭಾವ ‘ಏಲಿಯನ್’ ಆದರು

ಮೊದಲನೆಯದು ಐ-130 ಅರ್ಜಿ. ಅದರ ಹೆಸರೇ ‘ಪಿಟಿಷನ್ ಫಾರ್ ಏಲಿಯನ್ ರಿಲೇಟಿವ್’. ಅಮೆರಿಕದ ಕಾನೂನಿನಲ್ಲಿ ಏಲಿಯನ್ ಅಂದರೆ ಅನ್ಯಗ್ರಹದವನಲ್ಲ, ಅನ್ಯದೇಶದವನು. ಆದರೂ ‘ಕುಂಬಾರಕೊಪ್ಪಲಿನವನನ್ನು ಏಲಿಯನ್ ಮಾಡಿಬಿಟ್ರಲ್ಲಪ್ಪ’ ಎಂದು ಭಾವ ವಾರಗಟ್ಟಲೆ ನಗಿಸಿದರು. 2024ರ ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ 625 ಡಾಲರ್ ಕಟ್ಟಿ ಸಲ್ಲಿಸಿದೆವು. ಸಬ್‌ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರ, ಫೋಟೊ, ಇಬ್ಬರ ಹೆಸರಿನ ಪಾಸ್‌ಬುಕ್ಕು. ಇದು ಮದುವೆ ನಿಜವಾದದ್ದೇ ಎಂದು ನೋಡುವ ಹಂತ. ಒಪ್ಪಿಗೆ ಸಿಗಲು ಒಂದು ವರ್ಷದ ಮೇಲೆ ಹಿಡಿಯಿತು.

ಆಮೇಲೆ ಕಡತ ನ್ಯೂಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಹಣಕಾಸಿನ ಕಾಗದ ಪರಿಶೀಲಿಸಲು 120 ಡಾಲರ್. ನಮ್ಮ ಕಡೆಯವರ ಸಂದರ್ಶನ ನಡೆಯುವುದು ಮುಂಬೈ ಕಾನ್ಸುಲೇಟಿನಲ್ಲಿ. ಈ 120 ಡಾಲರಿನ ಕಾಗದವೇ ಐ-864, ‘ಅಫಿಡವಿಟ್ ಆಫ್ ಸಪೋರ್ಟ್’. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಜಾಮೀನು ಪತ್ರ.

‘ಸರ್ಕಾರಕ್ಕೆ ಹೊರೆಯಾಗುವವರು ಬೇಡ’ ಎಂಬ ಮಾತು ಅಮೆರಿಕದ ವಲಸೆ ಕಾನೂನಿಗೆ ಬಂದದ್ದು 1882ರಲ್ಲೇ. ಆದರೆ ಜಾಮೀನು ಕೊಟ್ಟವರನ್ನು ಕೋರ್ಟಿಗೆ ಎಳೆಯಬಹುದಾದಷ್ಟು ಬಿಗಿಯಾದದ್ದು 1996ರ ಕಾನೂನಿನಿಂದ. ಅದಕ್ಕೆ ಮುಂಚಿನ ಪತ್ರಗಳು ನೈತಿಕ ಭರವಸೆಯಷ್ಟೇ ಎಂದು ನ್ಯಾಯಾಲಯಗಳು ಹೇಳಿದ್ದವು. ಈಗಿನದು ಹಾಗಲ್ಲ, ಅದು ಒಪ್ಪಂದ.

ಲೆಕ್ಕ ಮಾಡೋಣ ಬನ್ನಿ

ಅಲ್ಲಿನ ಸರ್ಕಾರ ಪ್ರತಿ ವರ್ಷ ಬಡತನ ರೇಖೆಯ ಪಟ್ಟಿ ಹೊರಡಿಸುತ್ತದೆ. 2025ರಲ್ಲಿ ಇಬ್ಬರ ಕುಟುಂಬಕ್ಕೆ 21,150 ಡಾಲರ್. ಜಾಮೀನು ನಿಲ್ಲುವವರ ವಾರ್ಷಿಕ ಆದಾಯ ಅದರ ಶೇ 125ರಷ್ಟು ಇರಬೇಕು, ಅಂದರೆ ಸುಮಾರು 26,437 ಡಾಲರ್. ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿ ಇರುವವರು ಸಂಗಾತಿಯನ್ನು ಕರೆಸಿಕೊಂಡರೆ ಮಾತ್ರ ಶೇ 100 ಸಾಕು.

ಅಕ್ಕನ ಶಾಲೆಯ ಸಂಬಳ 34 ಸಾವಿರ ರೂಪಾಯಿ. ವರ್ಷಕ್ಕೆ ನಾಲ್ಕು ಲಕ್ಷ ಚಿಲ್ಲರೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 4,800 ಡಾಲರ್. ಸಾಲದು ಎನ್ನುವುದು ಒಂದು. ಅದಕ್ಕಿಂತ ದೊಡ್ಡದು, ಅದು ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕಕ್ಕೆ ಹೋದ ಮೇಲೂ ಮುಂದುವರಿಯುವ ಆದಾಯ ಬೇಕು. ಮೈಸೂರಿನ ಶಾಲೆಯ ಸಂಬಳ ವಿಮಾನ ಹತ್ತಿದ ದಿನ ನಿಲ್ಲುತ್ತದೆ. ಆಕೆ ತಿಂಗಳಿಗೆ ಮೂರು ಲಕ್ಷ ದುಡಿಯುತ್ತಿದ್ದರೂ ಉತ್ತರ ಇದೇ. ವಿದೇಶದಲ್ಲಿ ಚೆನ್ನಾಗಿ ಬದುಕುತ್ತಿರುವ ಎಷ್ಟೋ ಅಮೆರಿಕನ್ನರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ.

ಭಾವನ ಕೌಶಲ? ಅವರಂಥ ಮಶೀನಿಸ್ಟ್‌ಗೆ ಅಲ್ಲಿ ಕೆಲಸ ಸಿಕ್ಕೀತು. ಆದರೆ ಬರಲಿರುವವರಿಗೆ ಮುಂದೆ ಸಿಗಬಹುದಾದ ಕೆಲಸ ಈ ಮೊತ್ತ ತುಂಬುವುದಿಲ್ಲ. ಹನ್ನೊಂದು ವರ್ಷ ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆದವರ ಅನುಭವ ತುಂಬಲು ಆ ಫಾರಂನಲ್ಲಿ ಒಂದು ಕಾಲಂ ಇಲ್ಲ. ಅದನ್ನು ಓದಿ ಹೇಳಿದಾಗ ಭಾವ ನಗಲಿಲ್ಲ. ‘ನಾನು ಹೊರೆಯಲ್ಲ ಅಂತ ಇವಳು ಸೈನ್ ಹಾಕಬೇಕಾ?’ ಎಂದರು. ಅದಕ್ಕೆ ಏನು ಹೇಳಬೇಕೆಂದು ಯಾರಿಗೂ ತಿಳಿಯಲಿಲ್ಲ.

ಆದಾಯವಿಲ್ಲದಿದ್ದರೆ ಆಸ್ತಿ ತೋರಿಸಬಹುದು. ಪ್ರಜೆಯ ಸಂಗಾತಿಯಾದರೆ ಕೊರತೆಯ ಮೂರು ಪಟ್ಟು ಆಸ್ತಿ ಬೇಕು, ಉಳಿದ ಹೆಚ್ಚಿನ ಸಂಬಂಧಗಳಿಗೆ ಐದು ಪಟ್ಟು. ಆದಾಯ ಸೊನ್ನೆಯಾದರೆ ಸುಮಾರು 79,300 ಡಾಲರ್, ನಮ್ಮ 67 ಲಕ್ಷ ರೂಪಾಯಿ. ಅದು ಒಂದು ವರ್ಷದೊಳಗೆ ನಗದಾಗುವಂತಿರಬೇಕು, ಸಾಲ ಕಳೆದ ಮೇಲಿನ ಮೊತ್ತವಾಗಿರಬೇಕು. ಬರಲಿರುವ ಸಂಗಾತಿಯ ಆಸ್ತಿಯನ್ನೂ ಸೇರಿಸಬಹುದು ಎನ್ನುವುದೊಂದೇ ಸಮಾಧಾನ. ಭಾವನ ಸೈಟು 36 ಲಕ್ಷ, ಸಾಲ 11 ಲಕ್ಷ, ಉಳಿಯುವುದು 25 ಲಕ್ಷ ಅಥವಾ 29,400 ಡಾಲರ್. ಮೂರರಿಂದ ಭಾಗಿಸಿದರೆ ಸಿಗುವ ಲಾಭ 9,800 ಡಾಲರ್. ಇನ್ನೂ ವರ್ಷಕ್ಕೆ 16,600 ಡಾಲರಿನ ಆದಾಯ ಬೇಕೇ ಬೇಕು. ದೊಡ್ಡಪ್ಪನ ಮನೆ ಅಕ್ಕನ ಹೆಸರಿನಲ್ಲಿಲ್ಲ, ಅದರ ಮಾತೇ ಬರುವುದಿಲ್ಲ.

ಐದೇ ಡಾಲರಿನ ಮಿತಿ

ಜಾಮೀನು ಪತ್ರದ ಜೊತೆ ಅಮೆರಿಕದ ಆದಾಯ ತೆರಿಗೆ ರಿಟರ್ನ್ ಲಗತ್ತಿಸಬೇಕು. ‘ನಾನು ಅಲ್ಲಿ ಇರಲೇ ಇಲ್ಲವಲ್ಲ, ಏನು ರಿಟರ್ನ್?’ ಎಂದಳು ಅಕ್ಕ. ಅಮೆರಿಕ ತನ್ನ ಪ್ರಜೆಗಳು ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ಲೆಕ್ಕ ಕೇಳುತ್ತದೆ. ಮದುವೆಗೆ ಮುಂಚೆ ಆಕೆಯ ಸಂಬಳ ರಿಟರ್ನ್ ಸಲ್ಲಿಸಬೇಕಾದ ಮಿತಿಗಿಂತ ಕೆಳಗಿತ್ತು, ಒಂಟಿಯಾಗಿದ್ದವರಿಗೆ 2024ರ ಮಿತಿ 14,600 ಡಾಲರ್. ಆದರೆ ಮದುವೆಯಾಗಿ ಗಂಡನಿಂದ ಪ್ರತ್ಯೇಕವಾಗಿ ರಿಟರ್ನ್ ಸಲ್ಲಿಸುವವರಿಗೆ ಮಿತಿ 5 ಡಾಲರ್. ಸೊನ್ನೆ ಬಿಟ್ಟುಹೋಗಿಲ್ಲ, ಐದೇ ಡಾಲರ್! ಗಂಡ ಅಮೆರಿಕದ ನಿವಾಸಿಯಲ್ಲವಾದ್ದರಿಂದ ಆಕೆ ಬರುವುದು ಈ ಗುಂಪಿಗೆ. ಹೀಗಾಗಿ 2023 ಮತ್ತು 2024ರ ರಿಟರ್ನ್‌ಗಳನ್ನು ಸಲ್ಲಿಸಬೇಕಾಯಿತು. ಕಟ್ಟಬೇಕಾದ ತೆರಿಗೆ ಸೊನ್ನೆ. ವಿದೇಶದಲ್ಲಿ ದುಡಿದ ಸಂಬಳಕ್ಕೆ ದೊಡ್ಡ ವಿನಾಯಿತಿಯೂ ಇದೆ, 2024ಕ್ಕೆ ಅದು 1,26,500 ಡಾಲರ್‌ವರೆಗೆ. ತೆರಿಗೆ ಇಲ್ಲ, ಕಾಗದ ಮಾತ್ರ ಬೇಕು. ವರ್ಷಗಟ್ಟಲೆ ಸಲ್ಲಿಸದೇ ಇದ್ದವರು ಗೊತ್ತಿಲ್ಲದೆ ಹೀಗಾಯಿತೆಂದು ಬರೆದುಕೊಟ್ಟು ಮೂರು ವರ್ಷದ ರಿಟರ್ನ್ ಮತ್ತು ಆರು ವರ್ಷದ ವಿದೇಶಿ ಬ್ಯಾಂಕ್ ಖಾತೆ ವಿವರ ಕೊಟ್ಟು ಸರಿಪಡಿಸಿಕೊಳ್ಳುವ ವ್ಯವಸ್ಥೆಯೂ ಇದೆ.

ಫಾರಂ ಕೇಳುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ ದೊಡ್ಡಮ್ಮ ಗೋದ್ರೆಜ್ ಬೀರುವಿನ ಲಾಕರಿನಿಂದ ಅಕ್ಕನ ಲಸಿಕೆ ಪುಸ್ತಕದೊಳಗೆ ಇಟ್ಟಿದ್ದ ನೀಲಿ ಕಾರ್ಡು ತೆಗೆದುಕೊಟ್ಟರು. 1997ರಿಂದ ಜೋಪಾನವಾಗಿತ್ತು.

ಯಾರು ಸಹಿ ಹಾಕುತ್ತಾರೆ?

ಸ್ವಂತ ಆದಾಯ ಸಾಲದಿದ್ದರೆ ಜಂಟಿ ಪ್ರಾಯೋಜಕರನ್ನು ಹುಡುಕಬಹುದು. ಅವರು ಸಂಬಂಧಿಕರೇ ಆಗಬೇಕಿಲ್ಲ. ಆದರೆ 18 ತುಂಬಿದ, ಅಮೆರಿಕದಲ್ಲಿ ನೆಲೆಸಿರುವ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರಾಗಿರಬೇಕು. ತಮ್ಮ ಮನೆಯ ತಲೆಗಳ ಜೊತೆ ಬರುವವರನ್ನೂ ಎಣಿಸಿ ಅಷ್ಟಕ್ಕೆ ಆದಾಯ ತೋರಿಸಬೇಕು. ಅಕ್ಕನ ಸೋದರಮಾವ ಇಲಿನಾಯ್‌ನಲ್ಲಿದ್ದಾರೆ. ಅವರ ಮನೆಯಲ್ಲಿ ನಾಲ್ವರು, ಭಾವ ಸೇರಿ ಐವರು. ಬೇಕಾದ ಆದಾಯ 47,062 ಡಾಲರ್. ಅವರ ಸಂಬಳಕ್ಕೆ ಅದು ಏನೇನೂ ಅಲ್ಲ. ದೊಡ್ಡಮ್ಮ ತಮ್ಮನಿಗೆ ಫೋನ್ ಮಾಡಿದರು.

ಈ ಸಹಿಯ ಆಯಸ್ಸು ಎಷ್ಟು ಗೊತ್ತೆ? ಬಂದವರು ಅಮೆರಿಕದ ಪ್ರಜೆಯಾಗುವವರೆಗೆ, ಅಥವಾ 40 ತ್ರೈಮಾಸಿಕಗಳ ದುಡಿಮೆ, ಅಂದರೆ ಸುಮಾರು ಹತ್ತು ವರ್ಷ, ಅವರ ಖಾತೆಗೆ ಜಮೆಯಾಗುವವರೆಗೆ, ಅಥವಾ ಅವರು ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ, ಅಥವಾ ಸಾಯುವವರೆಗೆ. ವಿಚ್ಛೇದನವಾದರೂ ಜಾಮೀನು ಮುಗಿಯುವುದಿಲ್ಲ. ಬಂದವರು ಬಡವರಿಗೆಂದು ಇರುವ ಸರ್ಕಾರಿ ಸಹಾಯ ಪಡೆದರೆ ಇಲಾಖೆ ಆ ಹಣವನ್ನು ಸಹಿ ಹಾಕಿದವರಿಂದ ಕೇಳಬಹುದು. ಬಂದವರೇ ನೇರವಾಗಿ ಜೀವನಾಂಶಕ್ಕೆ ದಾವೆ ಹೂಡಬಹುದು. ಸಹಿ ಹಾಕಿದವರು ಮನೆ ಬದಲಿಸಿದರೆ 30 ದಿನದೊಳಗೆ ಸರ್ಕಾರಕ್ಕೆ ವಿಳಾಸ ತಿಳಿಸಬೇಕು.

ಮಾವ ಎರಡು ದಿನ ಬಿಟ್ಟು ಫೋನ್ ಮಾಡಿದರು. ‘ದುಡ್ಡಿನ ಮಾತಲ್ಲ ಅಕ್ಕ, ಹತ್ತು ವರ್ಷದ ಮಾತು. ಮಕ್ಕಳಿಬ್ಬರೂ ಕಾಲೇಜಿಗೆ ಹೋಗೋರು. ನನ್ನ ಕೆಲಸವೇ ನಾಳೆ ಇರುತ್ತೋ ಇಲ್ಲವೋ’ ಎಂದರು. ದೊಡ್ಡಮ್ಮನಿಗೆ ತುಂಬ ನೋವಾಯಿತು. ಒಂದು ತಿಂಗಳು ತಮ್ಮನ ಜೊತೆ ಮಾತಾಡಲಿಲ್ಲ. ನನಗೆ ಮಾವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ತಾತ ಗೆಳೆಯನ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಅರ್ಧ ಎಕರೆ ಕಳೆದುಕೊಂಡವರು. ‘ಊಟ ಹಾಕಿ, ದುಡ್ಡು ಕೊಡಿ, ಜಾಮೀನು ಮಾತ್ರ ನಿಲ್ಲಬೇಡಿ’ ಎಂದು ಮನೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಆ ಮಾತು ಕೇಳಿ ಬೆಳೆದ ಮನೆಯವರು ನಾವು.

ಮಾವ ಒಪ್ಪಿದ್ದರೂ ಕಥೆ ಮುಗಿಯುತ್ತಿರಲಿಲ್ಲ. ಜಂಟಿ ಪ್ರಾಯೋಜಕರಿದ್ದರೂ ಅರ್ಜಿ ಹಾಕಿದ ಸಂಗಾತಿ ಸಹಿ ಹಾಕಲೇಬೇಕು ಮತ್ತು ಆಕೆಯ ಕಾಯಂ ನೆಲೆ ಅಮೆರಿಕದಲ್ಲಿರಬೇಕು. ಈಗ ಹೊರಗಿದ್ದರೆ, ಗಂಡ ಕಾಲಿಡುವ ಹೊತ್ತಿಗೆ ತಾನೂ ಅಲ್ಲಿ ನೆಲೆಸಿರುತ್ತೇನೆ ಎಂದು ನಂಬಿಸಬೇಕು. ಬ್ಯಾಂಕ್ ಖಾತೆ ತೆರೆದದ್ದು, ಹಣ ವರ್ಗಾಯಿಸಿದ್ದು, ಕೆಲಸಕ್ಕೆ ಅರ್ಜಿ ಹಾಕಿದ್ದು, ಮನೆ ಬಾಡಿಗೆ ಕರಾರು ಇಂಥವು ಪುರಾವೆಗಳು. ಈ ಕೊರತೆಯನ್ನು ಬೇರೆಯವರ ಸಹಿ ತುಂಬುವುದಿಲ್ಲ.

ಒಬ್ಬಳೇ ಹೋದಳು

ಎರಡಕ್ಕೂ ಉತ್ತರ ಒಂದೇ ಎಂದು ಅಕ್ಕನೇ ಹೇಳಿದಳು. ಆಕೆ ಮೊದಲು ಹೋಗುವುದು, ಕೆಲಸ ಹಿಡಿಯುವುದು. ನೆಲೆಯೂ ಆಯಿತು, ಆದಾಯವೂ ಆಯಿತು. ಎಲ್ಲಿಗೆ ಎನ್ನುವುದನ್ನು ಲೆಕ್ಕ ಹಾಕಿ ತೀರ್ಮಾನಿಸಿದೆವು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, ಟೆಕ್ಸಾಸ್‌ನಲ್ಲಿ ಅದೇ ಚಾಲ್ತಿ. ವಾರಕ್ಕೆ 40 ಗಂಟೆಯಂತೆ 52 ವಾರ ದುಡಿದರೂ 15,080 ಡಾಲರ್, ಮಿತಿಗೆ ಹತ್ತಿರವೂ ಬರುವುದಿಲ್ಲ. ನ್ಯೂಜೆರ್ಸಿಯಲ್ಲಿ 2025ರ ಕನಿಷ್ಠ ವೇತನ 15.49 ಡಾಲರ್. ಅದೇ ದುಡಿಮೆಗೆ 32,219 ಡಾಲರ್. ಇಬ್ಬರ ಲೆಕ್ಕಕ್ಕೆ ಸಾಕು. ಒಂದು ಮಗುವಿದ್ದು ಮೂವರಾಗಿದ್ದರೆ 33,312 ಡಾಲರ್ ಬೇಕಾಗುತ್ತಿತ್ತು, ಆಗ ಇದೂ ಸಾಲುತ್ತಿರಲಿಲ್ಲ.

2025ರ ಜೂನ್‌ನಲ್ಲಿ ಅಕ್ಕ ನ್ಯೂಜೆರ್ಸಿಗೆ ಹೋದಳು. ಮೈಸೂರಿನಲ್ಲಿ ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತಿದ್ದವಳು ಅಲ್ಲಿ ಒಂದು ಡೇ ಕೇರ್‌ನಲ್ಲಿ ಎರಡು ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮೂವರು ಹುಡುಗಿಯರ ಜೊತೆ ಬಾಡಿಗೆ ಕೋಣೆ. ಮಿತಿಯ ಮೇಲೆ ಆದಾಯ ಇರಬೇಕೆಂದು ಒಂದು ವಾರವೂ ಗಂಟೆ ಕಡಿಮೆಯಾಗದಂತೆ ನೋಡಿಕೊಂಡಳು. ಜ್ವರ ಬಂದ ದಿನವೂ ರಜೆ ಹಾಕಲಿಲ್ಲ. ಹುಟ್ಟಿದ ದೇಶದಲ್ಲಿ ಬಸ್ ಟಿಕೆಟ್ ತೆಗೆಯುವುದರಿಂದ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಇಲ್ಲಿ ಭಾವ ಬೆಳಿಗ್ಗೆ ಐದೂವರೆಗೆ ಎದ್ದರೆ ಅಲ್ಲಿ ರಾತ್ರಿ ಎಂಟು. ಶಿಫ್ಟಿಗೆ ಹೊರಡುವ ಮುಂಚೆ ಅರ್ಧ ಗಂಟೆ ವಿಡಿಯೊ ಕಾಲ್. ಚಳಿಗಾಲ ಬಂದು ಅಲ್ಲಿನ ಗಡಿಯಾರ ಹಿಂದೆ ಹೋದಾಗ ಅದೂ ಏಳು ಗಂಟೆಗೆ ಸರಿಯಿತು, ಅಕ್ಕ ಆಗಷ್ಟೇ ಕೆಲಸದಿಂದ ಬಂದಿರುತ್ತಾಳೆ.

‘ನಾಳೆ ನಿಮ್ಮಿಬ್ಬರಿಗೆ ಆಗಿಬರಲಿಲ್ಲ ಅಂದ್ರೂ ನೀನೇ ಅವನನ್ನ ಸಾಕಬೇಕಂತೆ, ಗೊತ್ತಲ್ಲ?’ ಎಂದು ಹೊರಡುವ ಮುಂಚೆ ದೊಡ್ಡಮ್ಮ ಮೆಲ್ಲಗೆ ಕೇಳಿದ್ದರು. ‘ಓದಿದೀನಮ್ಮ, ಎರಡು ಸಲ ಓದಿದೀನಿ’ ಎಂದಷ್ಟೇ ಅಕ್ಕ ಹೇಳಿದಳು. ಸಹಿ ಹಾಕಿದ್ದು ಅಕ್ಟೋಬರಿನಲ್ಲಿ. ಸಂಬಳದ ಚೀಟಿಗಳು, ಕೆಲಸ ಕೊಟ್ಟವರ ಪತ್ರ, ರಿಟರ್ನ್, ಬಾಡಿಗೆ ಕರಾರು ಎಲ್ಲವನ್ನೂ ಅಪ್‌ಲೋಡ್ ಮಾಡಿದ್ದಾಗಿದೆ. ಭಾವನ ಪೊಲೀಸ್ ಕ್ಲಿಯರೆನ್ಸ್ ಕೂಡ ಬಂದಿದೆ. ಮದುವೆಗೆ ಎರಡು ವರ್ಷ ದಾಟಿರುವುದರಿಂದ ಅವರಿಗೆ ಷರತ್ತಿನ ಎರಡು ವರ್ಷದ ಕಾರ್ಡಿನ ಬದಲು ಹತ್ತು ವರ್ಷದ್ದೇ ಸಿಗುತ್ತದೆ.

ನಮಗೇನು ಇದರಲ್ಲಿ?

ಇದು ಅಮೆರಿಕದ ಕಥೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು 18,600 ಪೌಂಡ್ ಇದ್ದ ವಾರ್ಷಿಕ ಆದಾಯದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000 ಪೌಂಡ್‌ಗೆ ಏರಿಸಿದರು. ಉಳಿತಾಯವನ್ನೇ ನೆಚ್ಚಿಕೊಂಡರೆ 88,500 ಪೌಂಡ್ ಬೇಕು. ತಾಯ್ನಾಡಿಗೆ ಹಿಂತಿರುಗುವ ಪ್ರಜೆಯನ್ನು ಎರಡೂ ದೇಶಗಳು ‘ಸಂಬಳದ ಚೀಟಿ ಎಲ್ಲಿ’ ಎಂದೇ ಕೇಳುತ್ತವೆ.

ನಮ್ಮ ವಯಸ್ಸಿನವರಲ್ಲಿ ಹಲವರ ಮುಂದೆ ಇಂಥ ಸಂಬಂಧಗಳು ಬರಬಹುದು. ಅಲ್ಲಿ ಹುಟ್ಟಿ ಇಲ್ಲಿ ಬೆಳೆದ ಗೆಳೆಯ ಗೆಳತಿಯರು ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಈಗ ಅಪರೂಪವಲ್ಲ. ಅವರಿಗೆ ನನ್ನ ಮಾತು ಇಷ್ಟು: ಹುಟ್ಟಿದ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡು ಮನೆಯಲ್ಲಿ ಎಲ್ಲಿವೆ ಎಂದು ಇಂದೇ ಕೇಳಿಟ್ಟುಕೊಳ್ಳಿ. ದುಡಿಯಲು ಶುರುಮಾಡಿದ ವರ್ಷದಿಂದಲೇ ಅಲ್ಲಿನ ತೆರಿಗೆ ನಿಯಮ ತಿಳಿದುಕೊಳ್ಳಿ. ಮದುವೆಯಾದ ಮೇಲೆ ಹೋಗುವ ಯೋಚನೆಯಿದ್ದರೆ ಇಬ್ಬರಲ್ಲಿ ಒಬ್ಬರು ಮೊದಲು ಹೋಗಿ ದುಡಿಯಬೇಕಾಗಬಹುದು ಎಂಬುದನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಪಟ್ಟಿಯ ಮೊತ್ತ ಪ್ರತಿ ವರ್ಷ ಬದಲಾಗುತ್ತದೆ, ಏಜೆಂಟರ ಬಾಯಿಮಾತು ನಂಬದೆ ಆ ವರ್ಷದ ಸರ್ಕಾರಿ ಪಟ್ಟಿಯನ್ನೇ ನೋಡಿ. ಯಾರಾದರೂ ಸಂಬಂಧಿಕರು ಸಹಿ ಹಾಕಲಾರೆ ಎಂದರೆ ಅವರನ್ನು ಕೆಟ್ಟವರೆನ್ನಬೇಡಿ. ಅವರು ಫಾರಂ ಪೂರ್ತಿ ಓದಿರುತ್ತಾರೆ.

ದೊಡ್ಡಮ್ಮ ಈಗ ತಮ್ಮನ ಜೊತೆ ಮತ್ತೆ ಮಾತಾಡುತ್ತಿದ್ದಾರೆ. ಕಳೆದ ತಿಂಗಳು ಮಾವ ಅಕ್ಕನಿಗೆ ಒಂದು ಹಳೆಯ ಕಾರು ಕೊಡಿಸಿದರು, ಡೇ ಕೇರ್‌ಗೆ ಬಸ್ಸು ಸಿಗುವುದು ಕಷ್ಟ ಎಂದು. ಭಾವ ಮುಂಬೈಯಿಂದ ಬರುವ ಇ-ಮೇಲ್‌ಗೆ ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಾರೆ. ಸಂಜೆ ಶಿಫ್ಟ್ ಮುಗಿಸಿ ಬಂದು ನನ್ನ ಹತ್ತಿರ ಇಂಚು, ಫ್ಯಾರನ್‌ಹೀಟ್ ಲೆಕ್ಕ ಕಲಿಯುತ್ತಿದ್ದಾರೆ. ಮಿಲಿಮೀಟರ್ ಬಿಟ್ಟು ಇಂಚಿನಲ್ಲಿ ಪ್ರೋಗ್ರಾಂ ಬರೆಯುವುದೇ ಅವರಿಗೆ ಸದ್ಯದ ದೊಡ್ಡ ಕಷ್ಟವಂತೆ.